ತೂಕ ಎಲ್ಲಿದೆ ಅಂತ ಕೇಳಿ

ಎಲ್ಲರಿಗೂ ನಮಸ್ಕಾರ.

ಬೆಳಗ್ಗೆ ಆರಕ್ಕೇ ಕೋರ್ಟಿಗಿಳಿದು, ಎರಡೆರಡು ಗೇಮ್ ಮುಗಿಸಿ, ಕೈಲಿ ಕಾಫಿ ಲೋಟ ಹಿಡ್ಕೊಂಡೇ ಬಂದು ಕೂತಿದ್ದೀರಿ. ಕಿಚನ್ ಅಂದ್ರೆ ನೆಟ್ ಪಕ್ಕದ ಏಳಡಿ ಜಾಗ, ಡಿಂಕ್ ಅಂದ್ರೆ ಅಲ್ಲಿಗೆ ಮೆಲ್ಲಗೆ ಹಾಕೋ ಹೊಡೆತ ಅಂತ ಪಿಕಲ್‌ಬಾಲ್ ಆಡೋ ನಿಮಗೆ ನಾನು ಹೇಳಬೇಕಾಗಿಲ್ಲ. ಟೂರ್ನಮೆಂಟ್‌ಗೆ ಇನ್ನು ಮೂರು ವಾರ ಇದೆ. ಹೆಸರು ಬರೆಸಿಕೊಳ್ಳೋಕೆ ಶುರುವಾದಾಗಿನಿಂದ ನನಗೆ ದಿನಾ ಫೋನು. "ಸಾರ್, ಯಾವ ಪ್ಯಾಡಲ್ ತಗೊಳ್ಲಿ? ಹತ್ತು ಸಾವಿರದ್ದು ಸಾಕಾ, ಇನ್ನೂ ಮೇಲಿಂದು ಬೇಕಾ?" ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದೀನಿ: ಈಗ ಕೈಲಿರೋ ಪ್ಯಾಡಲ್ ತಗೊಂಡು ಮನೆಗೆ ಬನ್ನಿ. ಬಂದವರಲ್ಲಿ ಹೆಚ್ಚಿನವರು ಹೊಸದು ಕೊಳ್ಳಲಿಲ್ಲ. ಒಬ್ಬೊಬ್ಬರಿಗೇ ಹೇಳೋ ಬದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡಿ ಅಂತ ಕಾರ್ಯದರ್ಶಿಗಳು ಈ ಭಾನುವಾರ ಗೊತ್ತು ಮಾಡಿದ್ದಾರೆ.

ನಾನು ಇದೇ ಬೆಂಗಳೂರಲ್ಲಿ ಮೂವತ್ತು ವರ್ಷ ವಿಮಾನದ ಕಾಂಪೋಸಿಟ್ ಭಾಗ ಮಾಡೋ ಶಾಪ್‌ನಲ್ಲಿ ದುಡಿದವನು. ನಡುವೆ ಜೇನುಗೂಡಿನ ಹಾಗೆ ಕಣ್ಣು ಕಣ್ಣಾಗಿರೋ ತಿರುಳು, ಅದರ ಎರಡೂ ಕಡೆ ತೆಳ್ಳನೆ ಹಾಳೆ ಅಂಟಿಸಿದ ಫಲಕ. ನನಗೆ ಅನ್ನ ಹಾಕಿದ್ದು ಅದು. ನಿವೃತ್ತಿ ಆದ ಮೇಲೆ ಇದೇ ಕೋರ್ಟಲ್ಲಿ ಮೊದಲ ಸಲ ಒಂದು ಒಡೆದ ಪ್ಯಾಡಲ್ ಕೈಗೆ ಸಿಕ್ತು. ಅಂಚು ಬಿಡಿಸಿ ಒಳಗೆ ನೋಡ್ತೀನಿ, ಅದೇ ಜೇನುಗೂಡು! ಹಳೇ ಸಹೋದ್ಯೋಗಿ ಬಸ್‌ಸ್ಟಾಪಲ್ಲಿ ಸಿಕ್ಕಿದಷ್ಟು ಸಂತೋಷ ಆಯ್ತು.

ಅದು ಅಲ್ಲಿಗೆ ಬಂದಿದ್ದಕ್ಕೂ ಒಂದು ಕಥೆ ಇದೆ. 1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಜ್ ದ್ವೀಪದಲ್ಲಿ ಜೋಯಲ್ ಪ್ರಿಚರ್ಡ್, ಬಿಲ್ ಬೆಲ್, ಬಾರ್ನಿ ಮೆಕಲಮ್ ಸೇರಿ ಈ ಆಟ ಕಟ್ಟಿದರು. ಆಡಿದ್ದು ಬ್ಯಾಡ್ಮಿಂಟನ್ ಕೋರ್ಟಲ್ಲಿ. ಇವತ್ತಿಗೂ ನಮ್ಮ ಕೋರ್ಟು ಅದೇ ಅಳತೆ, 20 ಅಡಿಗೆ 44 ಅಡಿ. ಮೊದಮೊದಲು ಟೇಬಲ್ ಟೆನಿಸ್ ಬ್ಯಾಟ್‌ನಲ್ಲೇ ಆಡಿದರು. ಆಮೇಲೆ ಮೆಕಲಮ್ ಗರಗಸದಲ್ಲಿ ಪ್ಲೈವುಡ್ ಕೊಯ್ದು ಪ್ಯಾಡಲ್ ಮಾಡಿದರು. ಹತ್ತಿರಹತ್ತಿರ ಇಪ್ಪತ್ತು ವರ್ಷ ಮರದ ಹಲಗೆಯದೇ ಕಾರುಬಾರು. 1984ರಲ್ಲಿ ಬೋಯಿಂಗ್ ಕಂಪನಿಯ ಎಂಜಿನಿಯರ್ ಆರ್ಲೆನ್ ಪರಾಂಟೋ ವಿಮಾನಕ್ಕೆ ಬಳಸೋ ಜೇನುಗೂಡು ಫಲಕ ಕತ್ತರಿಸಿ ಪ್ಯಾಡಲ್ ಮಾಡಿದರು. ನಿಮ್ಮ ಮಡಿಲಲ್ಲಿ ಈಗ ಕೂತಿರೋದು ಅದರ ಮೊಮ್ಮಕ್ಕಳು.

ಇನ್ನು ನಿಯಮ. ಪ್ಯಾಡಲ್‌ನ ತೂಕಕ್ಕೆ ಮಿತಿ ಇಲ್ಲ, ದಪ್ಪಕ್ಕೂ ಇಲ್ಲ. ಉದ್ದ 17 ಇಂಚು ದಾಟಬಾರದು, ಉದ್ದ ಅಗಲ ಕೂಡಿದ್ರೆ 24 ಇಂಚು ದಾಟಬಾರದು. ಈ 24 ಇದೆಯಲ್ಲ, ಎಲ್ಲಾ ಇರೋದು ಇದರಲ್ಲೇ. 16ಕ್ಕೆ 8 ಇರೋದು ಅಗಲ ಮುಖದ ಪ್ಯಾಡಲ್. 16.5 ಉದ್ದ ಬೇಕಾ? ಹಾಗಾದ್ರೆ ಅಗಲ 7.5. ಥರ್ಟಿ ಫಾರ್ಟಿ ಸೈಟಲ್ಲಿ ಮನೆ ಕಟ್ಟಿದವರಿಗೆ ಇದು ಗೊತ್ತು, ಹಾಲ್ ದೊಡ್ಡದು ಮಾಡಿದ್ರೆ ರೂಮು ಕಿರಿದಾಗುತ್ತೆ. ಎರಡು ಕೈ ಬ್ಯಾಕ್‌ಹ್ಯಾಂಡ್‌ಗೆ ಹಿಡಿ ಉದ್ದ ಬೇಕು ಅಂದ್ರೆ ಅದೂ ಈ ಸೈಟಲ್ಲೇ ಬರಬೇಕು, ಹೊಡೆಯೋ ಮುಖ ಅಷ್ಟು ಕಮ್ಮಿಯಾಗುತ್ತೆ. ಹಾಗಾಗಿ "ಎಲ್ಲಾ ಇರೋ ಪ್ಯಾಡಲ್" ಅಂತ ಯಾರಾದ್ರೂ ಮಾರಿದ್ರೆ ಟೇಪ್ ಹಿಡಿದು ಅಳೀರಿ.

ಈಗ ನನ್ನ ಮುಖ್ಯ ಮಾತು. ಅಂಗಡಿಗೆ ಹೋದ ಕೂಡ್ಲೇ ನಾವು ಕೇಳೋದು "ಎಷ್ಟು ಗ್ರಾಂ?" ಅಂತ. 220 ಅಂತಾರೆ, 235 ಅಂತಾರೆ, ನಾವು ತಲೆ ಆಡಿಸ್ತೀವಿ. ತೂಕ ಎಷ್ಟು ಅನ್ನೋದಕ್ಕಿಂತ ಮುಂಚೆ ತೂಕ ಎಲ್ಲಿದೆ ಅಂತ ಕೇಳಿ. ಮನೆಗೆ ಹೋಗಿ ಸುತ್ತಿಗೆ ತಗೊಳ್ಳಿ. ಹಿಡಿಯ ತುದಿ ಹಿಡಿದು ಒಂದ್ಸಲ ಬೀಸಿ. ಆಮೇಲೆ ತಿರುಗಿಸಿ, ಕಬ್ಬಿಣದ ತಲೆಯನ್ನೇ ಮುಷ್ಟಿಯಲ್ಲಿ ಹಿಡಿದು ಹಿಡಿಯನ್ನ ಬೀಸಿ. ತಕ್ಕಡಿಗೆ ಹಾಕಿದ್ರೆ ಅದೇ ಸುತ್ತಿಗೆ, ಅದೇ ತೂಕ. ಕೈಗೆ ಮಾತ್ರ ಬೇರೆ ವಸ್ತು. ತಿರುಗೋ ಕೇಂದ್ರದಿಂದ 10 ಸೆಂಟಿಮೀಟರ್ ದೂರ ಇಟ್ಟ ಒಂದು ಗ್ರಾಂ, 30 ಸೆಂಟಿಮೀಟರ್ ದೂರ ಇಟ್ಟ ಒಂದು ಗ್ರಾಂ, ಇವೆರಡೂ ಬೀಸುವಾಗ ಒಂದೇ ಅಲ್ಲ. ದೂರ ಮೂರು ಪಟ್ಟು, ಬೀಸೋ ಕೈಗೆ ಭಾರ ಮೂರು ಮೂರ್ಲ ಒಂಬತ್ತು ಪಟ್ಟು. ಇದಕ್ಕೆ ಸ್ವಿಂಗ್ ವೇಟ್ ಅಂತಾರೆ. ಇನ್ನೊಂದು ಟ್ವಿಸ್ಟ್ ವೇಟ್. ಚೆಂಡು ನಡುವೆ ಬೀಳದೆ ಪಕ್ಕಕ್ಕೆ ಬಿದ್ದಾಗ ಪ್ಯಾಡಲ್ ಕೈಯೊಳಗೆ ತಿರುಚಿಕೊಳ್ಳುತ್ತಲ್ಲ, ಅದನ್ನ ತಡೆಯೋ ಶಕ್ತಿ. ಅಗಲ ಮುಖಕ್ಕೆ ಇದು ಸಹಜವಾಗೇ ಜಾಸ್ತಿ, ಉದ್ದ ಮುಖಕ್ಕೆ ಕಮ್ಮಿ.

ಇದನ್ನ ನನಗೆ ಅರ್ಥ ಮಾಡಿಸಿದವರು ಮುಂದಿನ ಸಾಲಲ್ಲೇ ಕೂತಿದ್ದಾರೆ. ನಾವೆಲ್ಲ ಮೇಡಂ ಅಂತ ಕರೀತೀವಿ. ಹೇಳ್ಲಾ ಮೇಡಂ ಅಂತ ಮೊದಲೇ ಕೇಳಿದ್ದೀನಿ, ಒಪ್ಪಿದ್ದಾರೆ. ಮೇಡಂ ಕಾಲೇಜ್ ದಿನದಲ್ಲಿ ಮೈಸೂರಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದವರು. ಉಣ್ಣೆ ಚೆಂಡು, ನೆಲಕ್ಕೆ ಬೀಳೋಕೆ ಬಿಡದೆ ಹೊಡೆಯೋ ಆಟ. ಮಣಿಕಟ್ಟಿನ ಚುರುಕು ಅವರಿಗೆ ಅಲ್ಲಿಂದ ಬಂದಿದ್ದು. ಇಲ್ಲಿಗೆ ಬಂದ ಹೊಸದರಲ್ಲಿ ಯಾರದ್ದೋ ಹಳೇ ಅಗಲ ಮುಖದ ಪ್ಯಾಡಲ್‌ನಲ್ಲಿ ಕಿಚನ್ ಗೆರೆ ಹತ್ರ ನಿಂತ್ರೆ ಎದುರಿನವರ ಚೆಂಡು ಅವರನ್ನ ದಾಟಿ ಹೋಗ್ತಿರಲಿಲ್ಲ. ಆಮೇಲೆ ಒಂದು ಅಂಗಡಿಯಲ್ಲಿ, ಹೆಸರು ಬೇಡ, "ದೊಡ್ಡ ಆಟಗಾರರೆಲ್ಲ ಇದನ್ನೇ ಹಿಡಿಯೋದು" ಅಂತ ಉದ್ದ ಮುಖದ್ದು, 14 ಮಿಲಿಮೀಟರ್ ದಪ್ಪದ್ದು ಕೈಗಿಟ್ಟರು. ಕಾರ್ಬನ್ ಮುಖ, ಥಳಥಳ ಹೊಳೆಯೋ ಡಬ್ಬ. ಎರಡು ವಾರದಲ್ಲಿ ಮೇಡಂ ಡಿಂಕ್‌ಗಳೆಲ್ಲ ಮೇಲಕ್ಕೆ ಹಾರೋಕೆ ಶುರುವಾಯ್ತು. ಎದುರಿನವರಿಗೆ ಹಬ್ಬ. ಒಂದು ತಿಂಗಳಿಗೆ ಮೊಣಕೈ ನೋವು, ಹಾಲಿನ ಪಾತ್ರೆ ಎತ್ತೋಕೂ ಆಗದಷ್ಟು.

ನನ್ನ ಹತ್ರ ತಂದ್ರು. ನಾನು ಮೊದಲು ಮಾಡಿದ್ದು ತಪ್ಪು. ಚೆಂಡಿಗೆ ಬಲ ಸಾಲ್ತಿಲ್ಲ, ಅದಕ್ಕೆ ಜೋರಾಗಿ ಬೀಸ್ತಿದ್ದಾರೆ ಅಂದ್ಕೊಂಡು ತುದಿಗೆ, ಅಂದ್ರೆ ಗಡಿಯಾರದ 12 ಗಂಟೆ ಜಾಗಕ್ಕೆ, 4 ಗ್ರಾಂ ಲೆಡ್ ಟೇಪ್, ಅಂದ್ರೆ ಸೀಸದ ಅಂಟುಪಟ್ಟಿ, ಅಂಟಿಸಿದೆ. ನೋವು ಜಾಸ್ತಿ ಆಯ್ತು. ಆ ವಾರ ನನಗೆ ನಿದ್ದೆ ಸರಿ ಬರಲಿಲ್ಲ. ಆಮೇಲೆ ಒಂದು ಸಂಜೆ ಆ ಪ್ಯಾಡಲ್‌ನ ಕಿಟಕಿ ಬೆಳಕಿಗೆ ಓರೆ ಮಾಡಿ ಹಿಡಿದೆ. ಒರಟು ಕಾರ್ಬನ್ ಮುಖಕ್ಕೆ ಚೆಂಡಿನ ಪ್ಲಾಸ್ಟಿಕ್ ಹತ್ಕೊಳ್ಳುತ್ತೆ, ನೀವು ನೋಡಿರ್ತೀರಿ, ಹಳದಿ ಧೂಳಿನ ಹಾಗೆ. ಅವರ ಪ್ಯಾಡಲ್ ಮೇಲೆ ಆ ಹಳದಿ ನಡುವೆ ಇರಲೇ ಇಲ್ಲ. ಒಂದು ಪಕ್ಕಕ್ಕೆ, ಅಂಚಿನಿಂದ ಎರಡು ಬೆರಳು ಒಳಗೆ, ಲಿಂಬೆಹಣ್ಣಿನಷ್ಟಗಲ ದಟ್ಟ ಕಲೆ. ಪ್ಯಾಡಲ್ಲೇ ಬಾಯಿಬಿಟ್ಟು ಹೇಳ್ತಿತ್ತು: ನನಗೆ ಇಲ್ಲಿ ಹೊಡೀತಿದ್ದಾರೆ, ನಾನು ತಿರುಚಿಕೊಳ್ತಿದ್ದೀನಿ, ಅದನ್ನ ತಡೆಯೋಕೆ ಇವರು ಹಿಡಿಯನ್ನ ಹಿಂಡ್ತಿದ್ದಾರೆ.

ತುದಿಯ ಟೇಪ್ ಕಿತ್ತೆ. 3 ಗಂಟೆ ಜಾಗಕ್ಕೆ 3 ಗ್ರಾಂ, 9 ಗಂಟೆ ಜಾಗಕ್ಕೆ 3 ಗ್ರಾಂ. ಚಿನ್ನ ತೂಗೋ ಥರದ ಪುಟ್ಟ ಡಿಜಿಟಲ್ ತಕ್ಕಡಿ ಇದೆ ನನ್ನ ಹತ್ರ, ತೂಗಿ ಕತ್ತರಿಸಿ, ಎಡ್ಜ್ ಗಾರ್ಡ್ ಅನ್ನೋ ಅಂಚಿನ ಪಟ್ಟಿ ಮೇಲೆ ಕೂರಿಸಿ ಚಮಚದ ಬೆನ್ನಿನಿಂದ ಉಜ್ಜಿದೆ. ಹಿಡಿ ಸಣ್ಣದಾಗಿತ್ತು, ಅದರ ಮೇಲೆ ಒಂದು ಓವರ್‌ಗ್ರಿಪ್, ಅಂದ್ರೆ ಹಿಡಿಗೆ ಸುತ್ತೋ ತೆಳ್ಳನೆ ಪಟ್ಟಿ, ಸುತ್ತಿದೆ. ಮೇಡಂ ಮೂರು ವಾರ ಆಟ ಬಿಟ್ಟು ಫಿಸಿಯೋಥೆರಪಿ ಮಾಡಿಸಿಕೊಂಡರು. ಟೇಪ್ ಒಂದೇ ಮೊಣಕೈ ವಾಸಿ ಮಾಡ್ತು ಅಂತ ನಾನು ಹೇಳಲ್ಲ, ಯಾರೂ ಹಾಗೆ ತಿಳ್ಕೋಬೇಡಿ, ನೋವಿದ್ರೆ ಡಾಕ್ಟರ್ ಹತ್ರ ಹೋಗಿ. ಆದ್ರೆ ವಾಪಸ್ ಬಂದ ದಿನ ಅವರು ಮೊದಲ ಡಿಂಕ್ ಹಾಕಿದ್ರಲ್ಲ, ಚೆಂಡು ನೆಟ್ ಮೇಲೆ ಒಂದು ಗೇಣೂ ಏಳಲಿಲ್ಲ. ನನ್ನ ಕಡೆ ತಿರುಗಿ "ಈಗ ಇದು ಸುಮ್ಮನೆ ನಿಲ್ಲುತ್ತೆ ಕಣ್ರೀ" ಅಂದ್ರು. ಪ್ಯಾಡಲ್‌ನ ಒಟ್ಟು ತೂಕ ಮೊದಲಿಗಿಂತ ಜಾಸ್ತಿಯೇ ಆಗಿತ್ತು, ನೆನಪಿರಲಿ. ಆದ್ರೂ ಕೈಗೆ ಹಗುರ. ಅದಕ್ಕೇ ಹೇಳೋದು, ತೂಕ ಎಲ್ಲಿದೆ ಅಂತ ಕೇಳಿ.

ಕೊಳ್ಳೋರಿಗೂ ಹೇಳಬೇಕಲ್ಲ. ನೀವು ಯಾವ ಆಟದಿಂದ ಇಲ್ಲಿಗೆ ಬಂದ್ರಿ ಅನ್ನೋದನ್ನ ಮೊದಲು ಯೋಚಿಸಿ, ಕೈ ಹಳೇ ಆಟನ ಮರೆಯಲ್ಲ. ಬ್ಯಾಡ್ಮಿಂಟನ್ ಕಡೆಯವರು ಮಣಿಕಟ್ಟಲ್ಲಿ ಆಡ್ತಾರೆ. ತಲೆಭಾರದ ಪ್ಯಾಡಲ್ ಕೊಟ್ರೆ ಕಿಚನ್ ಗೆರೆ ಹತ್ರ ವೇಗದ ವಾಲಿಗೆ ಕೈ ತಡವಾಗುತ್ತೆ. ಅವರಿಗೆ ಸ್ವಿಂಗ್ ವೇಟ್ ಕಮ್ಮಿ ಇರೋ ಪ್ಯಾಡಲ್ಲೇ ಸರಿ. ಟೆನಿಸ್‌ನವರಿಗೆ ಉದ್ದ ಬೀಸು, ಹಿಂದಿನ ಗೆರೆಯಿಂದ ಡ್ರೈವ್, ಎರಡು ಕೈ ಬ್ಯಾಕ್‌ಹ್ಯಾಂಡ್. ಉದ್ದ ಮುಖ, ಉದ್ದ ಹಿಡಿ ಅವರಿಗೆ ಒಗ್ಗುತ್ತೆ. ಟೇಬಲ್ ಟೆನಿಸ್‌ನವರು ಬೆರಳನ್ನ ಮುಖದ ಹಿಂಬದಿಗೆ ಚಾಚಿ ಹಿಡಿಯೋದು ರೂಢಿ, ಅವರಿಗೆ ಗಿಡ್ಡ ಹಿಡಿ ಸಾಕು. ಬರೀ ಗಲ್ಲಿ ಕ್ರಿಕೆಟ್ ಆಡಿ ಬಂದವರೂ ಇದ್ದೀರಿ, ಗೊತ್ತು. ಹೈ ಬಾಲ್ ಕಂಡ್ರೆ ಲಾಂಗ್ ಆನ್ ಕಡೆ ಎತ್ತೋ ಆಸೆ. ನಿಮಗೆ 16 ಮಿಲಿಮೀಟರ್ ದಪ್ಪದ ತಿರುಳೇ ಮದ್ದು.

ದಪ್ಪದ ವಿಷಯ ಇಷ್ಟೇ. 16 ಮಿಲಿಮೀಟರ್ ಚೆಂಡಿನ ವೇಗನ ನುಂಗ್ಕೊಳ್ಳುತ್ತೆ, ಚೆಂಡನ್ನ ಮೆಲ್ಲಗೆ ಕಿಚನ್‌ಗೆ ಇಳಿಸೋ ಡ್ರಾಪ್‌ಗೆ, ಜೋರಾಗಿ ಬಂದ ಚೆಂಡನ್ನ ತಣ್ಣಗೆ ಮಾಡೋ ರಿಸೆಟ್‌ಗೆ ಹಿಡಿತ ಸಿಗುತ್ತೆ. 13, 14 ತೆಳ್ಳಗಿದ್ದು ಚಿಮ್ಮಿಸುತ್ತೆ. ಮುಖದಲ್ಲೂ ಹಾಗೇ, ಫೈಬರ್‌ಗ್ಲಾಸ್ ಸಾಮಾನ್ಯವಾಗಿ ಹೆಚ್ಚು ಚಿಮ್ಮಿಸುತ್ತೆ, ಒರಟು ಕಾರ್ಬನ್ ಚೆಂಡನ್ನ ಕಚ್ಚಿ ಸ್ಪಿನ್ ಕೊಡುತ್ತೆ. ಕಾರ್ಬನ್‌ನ ಒರಟು ದಿನ ಕಳೆದ ಹಾಗೆ ಸವೆಯುತ್ತೆ, ಆ ಹಳದಿ ಧೂಳು ತುಂಬ್ಕೊಂಡ್ರೂ ಸ್ಪಿನ್ ಕಮ್ಮಿ ಆಗುತ್ತೆ. ಅದಕ್ಕೆ ಮೆತ್ತನೆ ರಬ್ಬರ್ ತುಂಡು ಸಿಗುತ್ತೆ, ಉಜ್ಜಿ ತೆಗೀರಿ. ಆದ್ರೆ ಅಳಿಸೋ ಮುಂಚೆ ಕಲೆ ಎಲ್ಲಿದೆ ಅಂತ ನೋಡ್ಕೊಳ್ಳಿ. ನಿಮ್ಮ ಆಟದ ಜಾತಕ ಅಲ್ಲಿರುತ್ತೆ.

ಇನ್ನೊಂದು ತೋರಿಸ್ತೀನಿ. ಇದು ನಮ್ಮ ಶಾಪ್‌ನ ವಿದ್ಯೆ. ಫಲಕದ ಹಾಳೆ ತಿರುಳಿನಿಂದ ಬಿಟ್ಕೊಂಡಿದೆಯಾ ಅಂತ ನೋಡೋಕೆ ನಾಣ್ಯದಲ್ಲಿ ತಟ್ಟೋದು. ವಿಮಾನದ ಕೆಲಸದಲ್ಲಿ ಇದೂ ಒಂದು ಪರೀಕ್ಷೆ. ಐದು ರೂಪಾಯಿ ನಾಣ್ಯ ತಗೊಂಡೆ. ಈ ಪ್ಯಾಡಲ್ ಕೇಳಿ... ಟಕ್ ಟಕ್ ಟಕ್, ಮೇಲಿಂದ ಕೆಳಗಿನವರೆಗೂ ಒಂದೇ ಸ್ವರ. ಈಗ ಇದು... ಟಕ್ ಟಕ್... ಇಲ್ಲಿ ಕೇಳಿ, ಡಬ್. ಹಿಂದಿನ ಸಾಲಿಗೆ ಕೇಳಿಸ್ತಾ? ಇನ್ನೊಂದ್ಸಲ. ಡಬ್. ಹಲಸಿನಹಣ್ಣು ತಟ್ಟಿ ಕೊಂಡವರಿಗೆ ಈ ಕಿವಿ ಇದ್ದೇ ಇರುತ್ತೆ. ಇಲ್ಲಿ ಒಳಗೆ ಬಿಟ್ಕೊಂಡಿದೆ, ಇಲ್ಲಾ ತಿರುಳು ಕುಸಿದಿದೆ. ಇಂಥ ಜಾಗದಿಂದ ಚೆಂಡು ಕೆಲವು ಸಲ ಟ್ರಾಂಪೊಲಿನ್ ಮೇಲೆ ಬಿದ್ದ ಹಾಗೆ ಹಾರುತ್ತೆ. ಹೊಡೆಯೋರಿಗೆ ಖುಷಿ, ಎದುರಿಗೆ ಏಳಡಿ ಗೆರೆ ಹತ್ರ ನಿಂತವರ ಕಣ್ಣಿಗೆ ಅಪಾಯ. ಇಂಥ ಪ್ಯಾಡಲ್ ಟೂರ್ನಮೆಂಟ್‌ಗೆ ದಯವಿಟ್ಟು ತರಬೇಡಿ. ಸೆಕೆಂಡ್ ಹ್ಯಾಂಡ್ ಕೊಳ್ಳೋರು ಜೇಬಲ್ಲಿ ನಾಣ್ಯ ಇಟ್ಕೊಂಡೇ ಹೋಗಿ.

ಕಾರ್ಯದರ್ಶಿಗಳು ವಾಚ್ ತೋರಿಸ್ತಿದ್ದಾರೆ. ಹತ್ತು ಗಂಟೆಗೆ ಮಕ್ಕಳ ಡ್ರಾಯಿಂಗ್ ಕ್ಲಾಸ್‌ಗೆ ಹಾಲ್ ಬಿಟ್ಟುಕೊಡಬೇಕಂತೆ. ಸ್ವಿಂಗ್ ವೇಟ್ ಅಳೆಯೋದು ತೋರಿಸೋಣ ಅಂತಿದ್ದೆ, ಅದು ಇನ್ನೊಂದು ದಿನ. ಉಳಿದಿದ್ದು ಬೇಗ ಬೇಗ.

ಗ್ರಿಪ್ ಸಣ್ಣದು ಕೊಂಡ್ರೆ ಪರವಾಗಿಲ್ಲ, ಸುತ್ತಿ ದಪ್ಪ ಮಾಡಬಹುದು. ದಪ್ಪದ್ದನ್ನ ಸಣ್ಣ ಮಾಡೋದು ಕಷ್ಟ. ಹಿಡಿದಾಗ ಉಂಗುರ ಬೆರಳಿನ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರುವಷ್ಟು ಸಂದು ಇರಲಿ. ಓವರ್‌ಗ್ರಿಪ್ಪಿಗೂ ಐದಾರು ಗ್ರಾಂ ತೂಕ ಇದೆ, ಅದು ಹಿಡಿ ಕಡೆ ಕೂರೋದ್ರಿಂದ ತಲೆ ಹಗುರ ಅನ್ಸುತ್ತೆ. ಬೆವರೋ ಕೈಯವರು ಏಪ್ರಿಲ್ ಮೇನಲ್ಲಿ ವಾರಕ್ಕೊಂದು ಬದಲಾಯಿಸಿ.

ನಿಯಮ ನಮಗೆ ಬಿಟ್ಟಿರೋದು ಅಂಚಿನ ಟೇಪ್, ಲೆಡ್ ಟೇಪ್, ಗ್ರಿಪ್ ಬದಲಾವಣೆ, ಗುರುತಿನ ಸ್ಟಿಕರ್, ಇಷ್ಟೇ. ಮುಖಕ್ಕೆ ಮರಳು ಕಾಗದ ತಿಕ್ಕೋದು, ಬಣ್ಣ ಬಳಿಯೋದು ಕೂಡದು.

ಟೇಪ್ ಹಾಕುವಾಗ ಒಂದೇ ಸಲಕ್ಕೆ ಹತ್ತು ಗ್ರಾಂ ಸುರೀಬೇಡಿ. ಎರಡೂ ಪಕ್ಕಕ್ಕೆ ಒಂದೂವರೆ ಒಂದೂವರೆ ಗ್ರಾಂ ಹಾಕಿ ಒಂದು ವಾರ ಆಡಿ, ಆಮೇಲೆ ಮುಂದಿನ ಮಾತು. ಕಾರಿನ ಡಿಕ್ಕಿಯಲ್ಲಿ ಪ್ಯಾಡಲ್ ಬೇಯಿಸಬೇಡಿ, ಬಿಸಿಗೆ ಅಂಟು ಸಡಿಲ ಆಗುತ್ತೆ.

ಸೀಸ ವಿಷ. ಮಕ್ಕಳಿರೋ ಮನೆಯಲ್ಲಿ ಟಂಗ್‌ಸ್ಟನ್ ಟೇಪ್ ತನ್ನಿ, ಸ್ವಲ್ಪ ದುಬಾರಿ ಆದ್ರೂ ಅದನ್ನೇ ತನ್ನಿ. ಆ ಮೂಲೆ ಮೇಜಿನ ಮೇಲೆ ತಕ್ಕಡಿ, ಕತ್ತರಿ, ಎರಡೂ ಥರದ ಟೇಪ್ ಇಟ್ಟಿದ್ದೀನಿ. ಕ್ಲಾಸ್ ಶುರುವಾದ್ರೆ ಮೇಜನ್ನ ವರಾಂಡಕ್ಕೆ ಎತ್ಕೊಂಡು ಹೋಗೋಣ. ಸೀಸ ಮುಟ್ಟಿದವರು ಹಿಂದಿನ ನಲ್ಲಿಯಲ್ಲಿ ಸೋಪ್ ಹಾಕಿ ಕೈ ತೊಳ್ಕೊಂಡೇ ತಿಂಡಿ ಮುಟ್ಟಿ. ಬರುವಾಗ ಪ್ಯಾಡಲ್ ಒರೆಸ್ಕೊಂಡು ಬರಬೇಡಿ, ಆ ಹಳದಿ ಕಲೆ ನನಗೆ ಬೇಕು. ಮೇಡಂ, ಮೊದಲು ನಿಮ್ಮದು ಕೊಡಿ, 9 ಗಂಟೆ ಕಡೆ ಟೇಪಿನ ತುದಿ ಎದ್ದಿದೆ.