ರಾತ್ರಿಯ ಸೆಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹವಾಮಾನ ಬದಲಾವಣೆ ಅಂದ ಕೂಡಲೇ ಎಲ್ಲರಿಗೂ ಮಧ್ಯಾಹ್ನದ ಬಿಸಿಲೇ ನೆನಪಾಗುತ್ತದೆ. ನಾನು ಇವತ್ತು ರಾತ್ರಿಯ ಬಗ್ಗೆ ಮಾತಾಡುತ್ತೇನೆ. ಯಾಕೆಂದರೆ ಭೂಮಿ ತನ್ನ ಕಾವನ್ನು ಹೇಗೆ ಕಳೆದುಕೊಳ್ಳುತ್ತದೆ ಅನ್ನುವುದು ರಾತ್ರಿಯಲ್ಲೇ ಚೆನ್ನಾಗಿ ತಿಳಿಯುತ್ತದೆ.

ಬಯಲುಸೀಮೆಯವರಿಗೆ ಇದು ಗೊತ್ತು. ಮಾಗಿ ಕಾಲದಲ್ಲಿ ಆಕಾಶ ಶುಭ್ರವಾಗಿದ್ದರೆ ರಾತ್ರಿ ಗಡಗಡ ನಡುಗಿಸುವ ಚಳಿ. ಮೋಡ ಕವಿದುಕೊಂಡರೆ ಅಷ್ಟು ಚಳಿಯಿಲ್ಲ. ಹಗಲಿನ ಬಿಸಿಲಿಗೆ ಕಾದ ನೆಲ ಆ ಕಾವನ್ನು ಮೇಲಕ್ಕೆ ಬಿಡುತ್ತಲೇ ಇರುತ್ತದೆ. ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಅದು ಹೋಗುತ್ತದೆ. ಮೋಡ ಅದನ್ನು ಹೀರಿಕೊಂಡು ಒಂದಷ್ಟನ್ನು ಕೆಳಕ್ಕೆ ವಾಪಸ್ ಕಳಿಸುತ್ತದೆ.

ಮೋಡವಿಲ್ಲದಾಗಲೂ ಈ ಕೆಲಸ ನಿಲ್ಲುವುದಿಲ್ಲ. ನೀರಾವಿ, ಕಾರ್ಬನ್ ಡೈಆಕ್ಸೈಡ್, ಮೀಥೇನ್ ಅದನ್ನೇ ಮಾಡುತ್ತಿರುತ್ತವೆ. ಇವನ್ನು ಸುಮ್ನೆ ಬೈಯಬೇಕಾಗಿಲ್ಲ. ಇವು ಇಲ್ಲದೇ ಹೋಗಿದ್ದರೆ ಭೂಮಿಯ ಸರಾಸರಿ ತಾಪಮಾನ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಈಗ ಇರುವುದು ಸುಮಾರು 15 ಡಿಗ್ರಿ. ತೊಂದರೆ ಬಂದಿರುವುದು ಪ್ರಮಾಣದಿಂದ. ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಅಣುಗಳು ಸುಮಾರು 280 ಇದ್ದವು. 1958ರಲ್ಲಿ ವಿಜ್ಞಾನಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅಳೆಯಲು ಶುರು ಮಾಡಿದಾಗ 315ರ ಹತ್ತಿರ ಇದ್ದವು. ಈಗ 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟಿದ್ದೇ ಇದಕ್ಕೆ ಮುಖ್ಯ ಕಾರಣ.

ಸೂರ್ಯನೇ ಜಾಸ್ತಿ ಸುಡುತ್ತಿದ್ದಾನೆ, ನಮ್ಮದೇನು ತಪ್ಪು ಅನ್ನುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲ ಮೇಲಿಂದ ಕೆಳಗಿನವರೆಗೂ ಬಿಸಿಯಾಗಬೇಕಿತ್ತು. ಆದರೆ ನೆಲದ ಹತ್ತಿರದ ಗಾಳಿ ಬಿಸಿಯಾಗಿದೆ, ಅದರ ಮೇಲಿನ ಸ್ಟ್ರಾಟೋಸ್ಫಿಯರ್ ಅನ್ನುವ ಪದರ ತಣ್ಣಗಾಗಿದೆ. ಕಾವು ಕೆಳಗೇ ಸಿಕ್ಕಿಕೊಂಡಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಇನ್ನೊಂದು ಸಾಕ್ಷಿ ರಾತ್ರಿಯದು. ಸೂರ್ಯನೇ ಕಾರಣವಾಗಿದ್ದರೆ ಹಗಲೇ ಹೆಚ್ಚು ಬಿಸಿಯಾಗಬೇಕಿತ್ತು. ಕಳೆದ ಶತಮಾನದ ನಡುವಿನಿಂದ ಈಚೆಗೆ, ಲೋಕದ ಬಹಳಷ್ಟು ನೆಲದ ಮೇಲೆ ಹಗಲಿಗಿಂತ ರಾತ್ರಿಯ ತಾಪಮಾನವೇ ಹೆಚ್ಚು ಏರಿದೆ. ನಮ್ಮ ದೇಶದಲ್ಲಿ ಎಲ್ಲ ಕಡೆ ಹೀಗೇ ಆಗಿದೆ ಅನ್ನಲಾಗದು. ಇಲ್ಲಿ ಹಗಲಿನ ತಾಪವೂ ಜೋರಾಗಿಯೇ ಏರಿದೆ.

ಹಾಗೇ, ಬೆಂಗಳೂರಿನ ಸೆಕೆಯನ್ನೆಲ್ಲ ಕಾರ್ಬನ್ ತಲೆಗೆ ಕಟ್ಟುವುದೂ ಸರಿಯಲ್ಲ. ಕೆರೆ ಮುಚ್ಚಿ, ಮರ ಕಡಿದು, ಕಾಂಕ್ರೀಟ್ ಸುರಿದವರು ನಾವೇ ಅಲ್ವಾ? ಹಗಲಲ್ಲಿ ಕಾದ ಗೋಡೆ ರಾತ್ರಿಯೆಲ್ಲ ಆ ಕಾವನ್ನು ಬಿಡುತ್ತಿರುತ್ತದೆ.

ರಾತ್ರಿ ತಂಪಾಗದಿದ್ದರೆ ಏನಾಗುತ್ತದೆ? ಭತ್ತದಿಂದ ಶುರು ಮಾಡೋಣ. ಹಗಲು ಬಿಸಿಲಲ್ಲಿ ಮಾಡಿಕೊಂಡ ಸಕ್ಕರೆಯಲ್ಲಿ ಒಂದಷ್ಟನ್ನು ಗಿಡ ರಾತ್ರಿ ಉಸಿರಾಟಕ್ಕೆ ಖರ್ಚು ಮಾಡುತ್ತದೆ. ಸೆಕೆ ಏರಿದಷ್ಟೂ ಉಸಿರಾಟ ಜೋರು, ಕಾಳಿಗೆ ಉಳಿಯುವುದು ಕಡಿಮೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಹೊಲಗಳ ಲೆಕ್ಕ 2004ರಲ್ಲಿ ಪ್ರಕಟವಾಯಿತು. ಬೇಸಿಗೆ ಬೆಳೆಯಲ್ಲಿ ರಾತ್ರಿಯ ತಾಪಮಾನ ಒಂದು ಡಿಗ್ರಿ ಏರಿದರೆ ಇಳುವರಿ ಸುಮಾರು ನೂರಕ್ಕೆ 10ರಷ್ಟು ಇಳಿದಿತ್ತು. ಬೇಸಿಗೆ ಭತ್ತ ಹಾಕುವ ನಮ್ಮ ತುಂಗಭದ್ರಾ ಬಯಲಿನ ರೈತರು ಗಮನಿಸಬೇಕಾದ ಮಾತಿದು.

ಮನುಷ್ಯರದೂ ಅದೇ ಪಾಡು. ಹಗಲು ಬಿಸಿಲಲ್ಲಿ ದುಡಿದ ಮೈ ಸುಧಾರಿಸಿಕೊಳ್ಳುವುದು ರಾತ್ರಿ. ತಗಡಿನ ಸೂರಿನ ಕೆಳಗೆ ಮಲಗುವವರಿಗೆ, ವಯಸ್ಸಾದವರಿಗೆ ಆ ಬಿಡುವು ಸಿಗುವುದಿಲ್ಲ. ಕರಾವಳಿಯಲ್ಲಿ ಇನ್ನೂ ಕಷ್ಟ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಆ ನೀರಾವಿಯೂ ಕಾವನ್ನು ತಡೆಯುತ್ತದೆ, ಜೊತೆಗೆ ಬೆವರು ಆರಲು ಬಿಡುವುದಿಲ್ಲ.

ಭಾರತೀಯ ಹವಾಮಾನ ಇಲಾಖೆ ಬಿಸಿ ರಾತ್ರಿ ಅಂತ ಒಂದು ಎಚ್ಚರಿಕೆ ಕೊಡುತ್ತದೆ. ಆದರೆ ಹಗಲಿನ ತಾಪಮಾನ 40 ಡಿಗ್ರಿ ಮುಟ್ಟಿದ್ದರೆ ಮಾತ್ರ. ಕಲಬುರಗಿ, ರಾಯಚೂರಿಗೆ ಇದು ಹೊಂದುತ್ತದೆ. ಮಂಗಳೂರಿನಲ್ಲಿ ಹಗಲು 34 ಡಿಗ್ರಿ ಇದ್ದು, ರಾತ್ರಿಯೆಲ್ಲ ಬೆವರು ಸುರಿದರೂ ಈ ಲೆಕ್ಕಕ್ಕೆ ಅದು ಬಿಸಿ ರಾತ್ರಿಯಲ್ಲ. ಈ ಅಳತೆಗೋಲು ಬದಲಾಗಬೇಕು ಅನ್ನುವುದು ನನ್ನ ಅನಿಸಿಕೆ. ಅಲ್ಲಿಯವರೆಗೆ, ಹವಾಮಾನ ವರದಿಯಲ್ಲಿ ಗರಿಷ್ಠದ ಜೊತೆಗೆ ಕನಿಷ್ಠ ತಾಪಮಾನವನ್ನೂ ಕಿವಿಗೊಟ್ಟು ಕೇಳಿ. ನಮಸ್ಕಾರ.