ಎಂಎಸ್ಸಿಗೆ ಅರ್ಜಿ ಹಾಕುವ ಮುಂಚೆ ಎರಡು ತಿಂಗಳು ಲ್ಯಾಬಲ್ಲಿ ನಿಲ್ಲಿ

ಕೇಳುಗರಿಗೆ ನಮಸ್ಕಾರ. ಇವತ್ತು ನನ್ನ ಮಾತು ಬಿಎಸ್ಸಿಯಲ್ಲಿ ಜೀವಶಾಸ್ತ್ರ ಓದುತ್ತಿರುವವರ ಜೊತೆ. ಬಾಟನಿ, ಜುವಾಲಜಿ, ಮೈಕ್ರೋಬಯಾಲಜಿ, ಬಯೋಟೆಕ್, ಯಾವುದೇ ಇರಲಿ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಅವರೂ ಕೇಳಲಿ. ಯಾಕಂದ್ರೆ ಮದುವೆ ಮನೆಯಲ್ಲಿ "ಮೆಡಿಕಲ್ ಸೀಟು ಸಿಗಲಿಲ್ಲ, ಪಾಪ, ಬಿಎಸ್ಸಿ ಮಾಡ್ತಿದಾಳೆ" ಅನ್ನುವವರು ಅವರೇ ಅಲ್ವಾ? ಆ 'ಪಾಪ' ಇವತ್ತಿಗೆ ಬಿಟ್ಟುಬಿಡಿ.

ನಾನು ಎಂಎಸ್ಸಿಗೆ ಬಯೋಟೆಕ್ನಾಲಜಿ ತೆಗೆದುಕೊಂಡೆ. ಕಾರಣ ಇಷ್ಟೇ, ಹೆಸರು ಜೋರಾಗಿತ್ತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಗರದ ಒಂದು ಟ್ರೈನಿಂಗ್ ಸೆಂಟರಿಗೆ ದುಡ್ಡು ಕಟ್ಟಿದೆ. ಅಲ್ಲಿ ಎಂಟು ಜನಕ್ಕೆ ಒಂದೇ ಪಿಪೆಟ್. ಒಬ್ಬ ಮಾಡುತ್ತಿದ್ದ, ಏಳು ಜನ ಕೈಕಟ್ಟಿ ನೋಡುತ್ತಿದ್ದೆವು. ಕೊನೆಗೆ ನನ್ನ ರಿಪೋರ್ಟಿಗೆ ಅಂಟಿಸಿ ಕೊಟ್ಟ, ಡಿಎನ್‌ಎ ತುಣುಕುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್‌ನ ಫೋಟೋ ಹಿಂದಿನ ವರ್ಷದ ಸೀನಿಯರ್ ರಿಪೋರ್ಟಿನಲ್ಲೂ ಇತ್ತು, ಮೂಲೆಯಲ್ಲಿದ್ದ ಹೆಬ್ಬೆರಳಿನ ಗುರುತಿನ ಸಮೇತ. ಮೊದಲ ಇಂಟರ್‌ವ್ಯೂನಲ್ಲಿ ಅದೇ ಫೋಟೋ ತೋರಿಸಿ, "ಇದಕ್ಕೆ ಎಷ್ಟು ಪರ್ಸೆಂಟ್ ಅಗರೋಸ್ ಹಾಕಿದಿರಿ?" ಅಂತ ಕೇಳಿದರು. ಅಗರೋಸ್ ಅಂದರೆ ಆ ಜೆಲ್ ಮಾಡುವ ಪುಡಿ. ಎಷ್ಟು ಅಂತ ನನಗೇನು ಗೊತ್ತು? ಹಾಕಿದ್ದರೆ ತಾನೆ!

ಅದಕ್ಕೇ ಹೇಳುತ್ತಿದ್ದೇನೆ, ಯಾವ ಎಂಎಸ್ಸಿ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ನಿಜವಾದ ಲ್ಯಾಬಲ್ಲಿ ಎರಡು ತಿಂಗಳು ಕೆಲಸ ಮಾಡಿ. ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಕಾಯಿಸಿ, ಪ್ಲೇಟಿಗೆ ಸುರಿದು, ಮೂರ್ನಾಲ್ಕು ದಿನ ಬಿಟ್ಟು ಬೆಳಗ್ಗೆ ಬಂದು ನೋಡಿದರೆ ನಿಮ್ಮ ಬ್ಯಾಕ್ಟೀರಿಯಾ ಇರಬೇಕಾದ ಜಾಗದಲ್ಲಿ ಹಸಿರು ಬೂಷ್ಟು ಕೂತಿರುತ್ತದೆ, ಒಂದು ವಾರದ ಕೆಲಸ ನೀರುಪಾಲು. ಆಗ "ಇದು ಎಲ್ಲಿಂದ ಬಂತು?" ಅಂತ ಹುಡುಕಲು ಕೂತರೆ ನಿಮಗೆ ಸಂಶೋಧನೆ ಒಗ್ಗುತ್ತದೆ. ಬರೀ ಸಿಟ್ಟು ಬಂದರೆ ಅದೂ ತಪ್ಪಲ್ಲ, ಬೇರೆ ದಾರಿ ಇವೆ. ಎರಡು ವರ್ಷದ ಫೀಸು ಕಟ್ಟಿದ ಮೇಲೆ ತಿಳಿಯುವುದಕ್ಕಿಂತ ಈಗ ತಿಳಿಯಲಿ.

ಬೆಂಗಳೂರಿನಲ್ಲಿದ್ದುಕೊಂಡು ಲ್ಯಾಬ್ ಎಲ್ಲಿದೆ ಅಂತ ಕೇಳಬೇಡಿ. ಮಲ್ಲೇಶ್ವರದ ಪಕ್ಕದಲ್ಲೇ ಐಐಎಸ್‌ಸಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಅದು 1909ರಿಂದ ಇದೆ. ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳ ದಾಟಿದರೆ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯ, ಅದೇ ಆವರಣದಲ್ಲಿ ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್. ಇನ್ನೂ ಸ್ವಲ್ಪ ಮುಂದೆ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರ. ಗಿಡ, ಹಣ್ಣು, ತರಕಾರಿ ಇಷ್ಟವಾದರೆ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆ. ಬೇಸಿಗೆ ರಜೆಗೆ ವಿಜ್ಞಾನ ಅಕಾಡೆಮಿಗಳು ಫೆಲೋಶಿಪ್ ಕೊಡುತ್ತವೆ, ಎರಡು ತಿಂಗಳ ಕೆಲಸ, ಕೈಗೆ ಒಂದಿಷ್ಟು ದುಡ್ಡು. ಆದರೆ ಅದಕ್ಕೆ ಅರ್ಜಿ ಹಾಕುವುದು ಬೇಸಿಗೆಯಲ್ಲಲ್ಲ, ಅದಕ್ಕೆ ಎಷ್ಟೋ ತಿಂಗಳ ಮೊದಲು. ಏಪ್ರಿಲ್‌ನಲ್ಲಿ ಎದ್ದವರು ಪ್ರತಿ ವರ್ಷ ಕೈಕೈ ಹಿಸುಕಿಕೊಳ್ಳುತ್ತಾರೆ.

ಸಂಶೋಧನೆಯೇ ಬೇಕು ಅಂದರೆ ಪರೀಕ್ಷೆಗಳ ಮಾತು. ಬಿಎಸ್ಸಿ ಮುಗಿಸಿದವರು ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಪ್ರಯತ್ನಿಸಬಹುದು, ಎಂಎಸ್ಸಿ ಬೇರೆ ಪಿಎಚ್‌ಡಿ ಬೇರೆ ಅಂತ ಓಡಾಡಬೇಕಿಲ್ಲ. ಬಯೋಟೆಕ್ ಎಂಎಸ್ಸಿಗೆ ಗ್ಯಾಟ್-ಬಿ ಇದೆ. ಎಂಎಸ್ಸಿ ಕೊನೆಯ ವರ್ಷದಲ್ಲಿರುವವರು ಸಿಎಸ್‌ಐಆರ್ ನೆಟ್ ಬರೆಯಬಹುದು. ಅದರಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್, ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರಲ್ಲಿ ಹೆಚ್ಚಾದ ಮೊತ್ತ. ಪಿಎಚ್‌ಡಿ ಅಂದರೆ ಐದಾರು ವರ್ಷ, ನೆಂಟರು "ಇನ್ನೂ ಓದ್ತಿದಾನಾ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಸುಮ್ನೆ ಈ ಸಂಬಳದ ಲೆಕ್ಕ ಹೇಳಿ.

ಲ್ಯಾಬ್ ಬೇಡ ಅನ್ನಿಸಿತಾ? ಔಷಧ ಕಂಪನಿಗಳ ಕ್ವಾಲಿಟಿ ವಿಭಾಗಕ್ಕೆ ಮೈಕ್ರೋಬಯಾಲಜಿಯವರು ಬೇಕೇ ಬೇಕು. ವಿಜ್ಞಾನದ ಪದವಿ ಇದ್ದರೆ ಆವಿಷ್ಕಾರಗಳಿಗೆ ಹಕ್ಕುಪತ್ರ ಮಾಡಿಸಿಕೊಡುವ ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯಬಹುದು, ಕಾನೂನು ಓದಿರಲೇಬೇಕು ಅಂತೇನಿಲ್ಲ, ಇದು ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ. ಬಯೋಕಾನ್ ಔಷಧ ಕಂಪನಿ ಕಟ್ಟಿದ ಕಿರಣ್ ಮಜುಂದಾರ್ ಶಾ ಇಲ್ಲೇ ಬೆಂಗಳೂರಿನಲ್ಲಿ ಜುವಾಲಜಿ ಬಿಎಸ್ಸಿ ಮಾಡಿದವರು. ಆಸ್ಟ್ರೇಲಿಯಾಕ್ಕೆ ಹೋಗಿ ಬಿಯರ್ ಮಾಡುವುದನ್ನು ಕಲಿತು ಬಂದರು, ಹೆಂಗಸು ಅಂತ ಇಲ್ಲಿ ಆ ಕೆಲಸ ಕೊಡಲಿಲ್ಲ. 1978ರಲ್ಲಿ ಗ್ಯಾರೇಜಿನಲ್ಲಿ ಬಯೋಕಾನ್ ಶುರುವಾದಾಗ ಮಾಡುತ್ತಿದ್ದದ್ದು ಪರಂಗಿಕಾಯಿಯಿಂದ ತೆಗೆದ ಕಿಣ್ವ. ನಿಮ್ಮ ಪ್ರಾಕ್ಟಿಕಲ್ ರೆಕಾರ್ಡಿನಲ್ಲೂ ಕಿಣ್ವದ ಪ್ರಯೋಗ ಇದ್ದೇ ಇರುತ್ತದೆ, ತೆಗೆದು ನೋಡಿ.

ಇನ್ನು ಲ್ಯಾಬಿಗೆ ಮೇಲ್ ಹಾಕುವ ವಿಷಯ. ಒಂದೇ ಮೇಲನ್ನು ನಲವತ್ತು ಜನಕ್ಕೆ ಕಳಿಸಬೇಡಿ, ನೋಡಿದ ಕೂಡಲೇ ಗೊತ್ತಾಗುತ್ತದೆ. ಅವರ ಒಂದು ಪೇಪರ್ ಓದಿ, ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ, ಅರ್ಥವಾಗದ ಜಾಗವನ್ನೇ ಪ್ರಶ್ನೆ ಮಾಡಿ ಕೇಳಿ. ಹತ್ತು ಸಾಲು ಸಾಕು. ಕಳಿಸುವ ಮುಂಚೆ ಮೇಲಿನ ಸಾಲು ಇನ್ನೊಮ್ಮೆ ನೋಡಿ. ಆ ಲ್ಯಾಬ್ ನಡೆಸುತ್ತಿರುವವರು ಮೇಡಂ ಆಗಿದ್ದು, ನೀವು "ರೆಸ್ಪೆಕ್ಟೆಡ್ ಸರ್" ಅಂತ ಬರೆದಿರಬಹುದು.