ಕಾಯುವಾಗ ಪಕ್ಕದಲ್ಲಿ ಕೂತವರು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಯುವುದಕ್ಕೇ ನಮ್ಮ ದಿನದಲ್ಲಿ ಎಷ್ಟು ಹೊತ್ತು ಹೋಗುತ್ತದೆ ನೋಡಿ. ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಡಾಕ್ಟರಿಗಾಗಿ ಕಾಯಬೇಕು. ತಾಲ್ಲೂಕು ಕಚೇರಿಯಲ್ಲಿ ಸಾಹೇಬರಿಗಾಗಿ ಕಾಯಬೇಕು. ರೇಷನ್ ಅಂಗಡಿ ಮುಂದೆ ಸರ್ವರ್ ಬರಲಿ ಎಂದು ಕಾಯಬೇಕು. ಅದೆಲ್ಲ ಹಾಳಾದ ಹೊತ್ತು ಎಂದೇ ನಮ್ಮ ಲೆಕ್ಕ. ಒಂದೋ ಗೊಣಗುತ್ತೇವೆ, ಇಲ್ಲವೇ ಮೊಬೈಲ್ ತೆಗೆದು ಬೆರಳಾಡಿಸುತ್ತೇವೆ.

ಬೈಬಲಿನಲ್ಲಿ ಒಬ್ಬ ಮನುಷ್ಯ ಹೀಗೆ ಕಾದ ಕಥೆ ಇದೆ. ಅಪೊಸ್ತಲರ ಕೃತ್ಯಗಳು, 17ನೇ ಅಧ್ಯಾಯ. ಊರೂರು ತಿರುಗಿ ಯೇಸುವಿನ ಸುದ್ದಿ ಸಾರುತ್ತಿದ್ದ ಪೌಲ, ಥೆಸಲೊನೀಕ ಎಂಬ ಊರಿನಲ್ಲಿ ಗಲಾಟೆ ಎದ್ದು ರಾತ್ರೋರಾತ್ರಿ ಊರು ಬಿಟ್ಟ. ಬೆರೋಯಕ್ಕೆ ಬಂದರೆ ಅಲ್ಲಿಗೂ ವಿರೋಧಿಗಳು ಹುಡುಕಿಕೊಂಡು ಬಂದರು. ಅಲ್ಲಿನ ವಿಶ್ವಾಸಿ ಸಹೋದರರು ಅವನನ್ನು ಅಥೇನೆಗೆ, ಅಂದರೆ ಗ್ರೀಸಿನ ಅಥೆನ್ಸಿಗೆ, ಕರೆತಂದು ಬಿಟ್ಟು ಹೋದರು. ಜೊತೆಗಾರರಾದ ಸೀಲ, ತಿಮೊಥೆಯ ಬೆರೋಯದಲ್ಲೇ ಉಳಿದಿದ್ದರು. ಬೇಗ ಬನ್ನಿ ಎಂದು ಹೇಳಿ ಕಳುಹಿಸಿ, ಪೌಲ ಒಬ್ಬನೇ ಕಾಯುತ್ತಿದ್ದ.

ಊರು ಹೊಸದು. ಬೆನ್ನ ಹಿಂದೆ ಎರಡು ಊರುಗಳ ಕಹಿ. ಅಲ್ಲಿ ಬಿಟ್ಟು ಬಂದ ಹೊಸ ವಿಶ್ವಾಸಿಗಳ ಚಿಂತೆ. ಬಾಗಿಲು ಹಾಕಿಕೊಂಡು ಮಲಗಿದ್ದರೂ ಯಾರೂ ತಪ್ಪು ಎನ್ನುತ್ತಿರಲಿಲ್ಲ, ಅಲ್ವಾ? ಅವನು ಊರು ಸುತ್ತಿದ. ಸುಮ್ನೆ ಸುತ್ತಲಿಲ್ಲ, ನೋಡುತ್ತಾ ಸುತ್ತಿದ. ಊರ ತುಂಬ ವಿಗ್ರಹಗಳನ್ನು ಕಂಡು ಅವನ ಮನಸ್ಸು ಕುದಿಯಿತು ಎಂದು ಈ ಪುಸ್ತಕ ಬರೆದ ಲೂಕ ಹೇಳುತ್ತಾನೆ. ಆದರೂ ಅವನು ಯಾರನ್ನೂ ಹೀಯಾಳಿಸಲಿಲ್ಲ. ಯೆಹೂದ್ಯರ ಸಭಾಮಂದಿರಕ್ಕೆ ಹೋಗಿ ಮಾತಾಡಿದ. ದಿನಾಲೂ ಪೇಟೆಗೆ ಹೋಗಿ, ಅಲ್ಲಿ ಎದುರು ಸಿಕ್ಕವರ ಜೊತೆ ಮಾತಾಡಿದ. ಯಾರು ಸಿಗುತ್ತಾರೋ ಅವರೇ. ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾಗುವುದು ಇದೇ.

ಆ ಮಾತುಕತೆಯೇ ಅವನನ್ನು ಊರ ಹಿರಿಯರ ಸಭೆಯಾದ ಅರಿಯೊಪಾಗದವರೆಗೆ ಕರೆದುಕೊಂಡು ಹೋಯಿತು. ಅಲ್ಲಿ ನಿಂತು ಅವನು ಏನು ಹೇಳಿದ? ನಿಮ್ಮ ಊರಲ್ಲಿ ತಿರುಗಾಡುವಾಗ ಒಂದು ಬಲಿಪೀಠ ನೋಡಿದೆ, ಅದರ ಮೇಲೆ 'ತಿಳಿಯದ ದೇವರಿಗೆ' ಎಂದು ಬರೆದಿತ್ತು ಎಂದು ಶುರು ಮಾಡಿದ. ಅವರದೇ ಕವಿಗಳ ಮಾತನ್ನೂ ಎತ್ತಿ ಹೇಳಿದ. ಕೆಲವರು ನಕ್ಕರು. ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎಂದರು. ದಿಯೊನುಸ್ಯ ಎಂಬವನು, ದಾಮರಿ ಎಂಬ ಹೆಂಗಸು, ಇನ್ನೂ ಕೆಲವರು ನಂಬಿದರು. ಕಾಯುವ ದಿನಗಳಲ್ಲಿ ಕಣ್ಣು ತೆರೆದಿಟ್ಟು ತಿರುಗಿದ್ದರಿಂದಲೇ ಅವನಿಗೆ ಆ ಮಾತಿನ ಮೊದಲ ಸಾಲು ಸಿಕ್ಕಿತು.

ಕಾಯುವಾಗಲೂ ಏನಾದರೂ ಕೆಲಸ ಮಾಡಿ ಮುಗಿಸಿ, ಒಂದು ನಿಮಿಷವೂ ಬಿಡಬೇಡಿ ಎಂದು ಈಗ ಎಲ್ಲರೂ ಹೇಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೂತು ಹತ್ತು ಫೋನ್ ಕರೆ ಮುಗಿಸಬಹುದು. ಆದರೆ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದ ಹೆಂಗಸನ್ನು ನೋಡದೇ ಹೋದರೆ, ಆ ಹೊತ್ತನ್ನು ಚೆನ್ನಾಗಿ ಬಳಸಿದೆವು ಎನ್ನಲಾದೀತೇ?

ಬೈಬಲಿನ ಮೊದಲ ಪುಸ್ತಕದಲ್ಲಿ ಬರುವ ಯೋಸೇಫನನ್ನು ನೋಡಿ. ಹೊಟ್ಟೆಕಿಚ್ಚಿನಿಂದ ಅಣ್ಣಂದಿರು ಮಾರಿಬಿಟ್ಟ ಇವನು ಐಗುಪ್ತ ಸೇರಿದ್ದ. ಮಾಡದ ತಪ್ಪಿಗೆ ಸೆರೆಯಲ್ಲಿದ್ದ. ಬಿಡುಗಡೆ ಯಾವಾಗ ಎಂದು ಯಾರೂ ಹೇಳಿರಲಿಲ್ಲ. ಒಂದು ಬೆಳಗ್ಗೆ ಅದೇ ಸೆರೆಯಲ್ಲಿದ್ದ ಅರಮನೆಯ ಇಬ್ಬರು ಕೆಲಸಗಾರರನ್ನು ನೋಡಿ, ಇವತ್ತು ಯಾಕೆ ನಿಮ್ಮ ಮುಖ ಬಾಡಿದೆ ಎಂದು ಕೇಳಿದ. ತನ್ನ ದುಃಖವೇ ಬೆಟ್ಟದಷ್ಟಿರುವಾಗ ಇನ್ನೊಬ್ಬರ ಮುಖ ಗಮನಿಸುವುದು ಸಣ್ಣ ಮಾತಲ್ಲ. ಅವರ ಕನಸುಗಳ ಅರ್ಥ ಹೇಳಿದ. ಒಬ್ಬನು ಬಿಡುಗಡೆಯಾಗಿ ಹೋದ. ಹೋದವನು ಇವನನ್ನು ಮರೆತೇಬಿಟ್ಟ. ಮತ್ತೆ ಎರಡು ವರ್ಷ ಕಾಯಬೇಕಾಯಿತು. ಒಳ್ಳೆಯದನ್ನು ಮಾಡಿದ ಕೂಡಲೇ ನಮ್ಮ ಸರದಿ ಮುಂದೆ ಬರುತ್ತದೆ ಎಂದು ಬೈಬಲ್ ಎಲ್ಲೂ ಆಸೆ ತೋರಿಸುವುದಿಲ್ಲ. ಮರೆತವನಿಗೆ ಕೊನೆಗೆ ನೆನಪಾಯಿತು. ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ ಯೋಸೇಫನಿಗೆ 30 ವರ್ಷ. ಅಣ್ಣಂದಿರ ಹೊಟ್ಟೆಕಿಚ್ಚಿನ ಕಥೆ ಶುರುವಾದಾಗ ಅವನಿಗೆ 17.

ಪೌಲನೂ ಮುಂದೆ ಕೈಸರೈಯದಲ್ಲಿ ಎರಡು ವರ್ಷ ಸೆರೆಯಲ್ಲಿ ಕಾದ. ಅಲ್ಲಿನ ರೋಮನ್ ಅಧಿಪತಿ ಫೇಲಿಕ್ಸ ಲಂಚದ ಆಸೆಯಿಂದ ಅವನನ್ನು ಆಗಾಗ ಕರೆಸುತ್ತಿದ್ದ. ಫೈಲು ಮುಂದೆ ಹೋಗದೆ ಅಲೆಯುವವರಿಗೆ ಇದು ಹೊಸದಲ್ಲ. ಪೌಲ ಹಣ ಕೊಡಲಿಲ್ಲ. ಕರೆದಾಗ ಹೋಗಿ ನೀತಿಯ ಬಗ್ಗೆ, ಮನಸ್ಸನ್ನು ಹಿಡಿತದಲ್ಲಿಡುವ ಬಗ್ಗೆ, ಬರಲಿರುವ ನ್ಯಾಯತೀರ್ಪಿನ ಬಗ್ಗೆ ಮಾತಾಡಿದ.

ಇಷ್ಟು ಹೇಳಿದ ಮೇಲೆ ಇನ್ನೊಂದು ಹೇಳಲೇಬೇಕು. ಐಸಿಯು ಹೊರಗೆ ಬೆಂಚಿನ ಮೇಲೆ ಕೂತವರಿಗೆ ಈ ಹೊತ್ತನ್ನು ಉಪಯೋಗಿಸಿಕೊಳ್ಳಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಲ್ಲಿ ಅಳುವುದೂ ಪ್ರಾರ್ಥನೆಯೇ. ಅಂಥವರಿಗೆ ಬೈಬಲಿನ 130ನೇ ಕೀರ್ತನೆ ಇದೆ. ಆಳದಿಂದ ಕೂಗುವವನ ಪ್ರಾರ್ಥನೆ ಅದು. ಕಾವಲುಗಾರರು ಬೆಳಗಾಗುವುದನ್ನು ಕಾಯುವುದಕ್ಕಿಂತ ಜಾಸ್ತಿ ನನ್ನ ಪ್ರಾಣ ಕರ್ತನಿಗಾಗಿ ಕಾಯುತ್ತಿದೆ ಎಂದು ಅವನು ಹೇಳುತ್ತಾನೆ. ಎಂಟೇ ವಚನಗಳು. ಎರಡು ನಿಮಿಷದಲ್ಲಿ ಓದಿ ಮುಗಿಸಬಹುದು. ಪಕ್ಕದಲ್ಲಿ ಓದು ಬಾರದ ಅಜ್ಜಿ ಯಾರಾದರೂ ಕೂತಿದ್ದರೆ, ನಿಮಗೂ ಕೇಳುವ ಹಾಗೆ ಓದಲಾ ಅಜ್ಜಿ ಎಂದು ಕೇಳಿ. ಬೇಡ ಎಂದರೆ ಕ್ಯಾಂಟೀನಿನಿಂದ ಒಂದು ಲೋಟ ಕಾಫಿ ತಂದುಕೊಡಿ.

ನಮಸ್ಕಾರ.